ಕೃಪಾಂಕವೂ ಕೃಪೆಯೂ: ಕ್ರೈಸ್ತರ ‘ರಕ್ಷಣೆ’ ಎಂದರೇನು?

(ಖಾನಾಪುರದಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ನಮ್ಮ ಬೆಳಗಾವಿ ವರದಿಗಾರರು ಮಾಡಿದ ಭಾಷಣದ ಪಾಠ)



ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಪಾದ್ರಿಯಲ್ಲ, ದೇವಶಾಸ್ತ್ರ ಓದಿದವನಲ್ಲ, ಕ್ರೈಸ್ತನೂ ಅಲ್ಲ. ಬೆಳಗಾವಿಯಲ್ಲಿ ಸುದ್ದಿ ಬರೆಯುವವನು. ಡಿಸೆಂಬರ್ ಬಂತೆಂದರೆ ಕ್ಯಾಂಪಿನ ಚರ್ಚುಗಳ ದೀಪಾಲಂಕಾರದ ಬಗ್ಗೆ ಒಂದು ಕಾಲಂ ಬರೆದು, ಒಂದು ಫೋಟೋ ಹಾಕಿ ಸುಮ್ಮನಾಗುವವರಲ್ಲಿ ನಾನೂ ಒಬ್ಬ. ಒಳಗೆ ಆಡುವ ಮಾತಿನ ಅರ್ಥವೇನೆಂದು ಕೇಳುವ ಗೋಜಿಗೆ ಹೋದವನಲ್ಲ. ಆದರೆ ನಿಮ್ಮ ಅಧ್ಯಾಪಕರು ಹದಿನೈದು ದಿನಗಳ ಹಿಂದೆ ನೀವು ಬರೆದ ಪ್ರಶ್ನೆಗಳ ಚೀಟಿಗಳನ್ನು ನನ್ನ ಕೈಗಿತ್ತಾಗ, ಕೇಳದೆ, ಓದದೆ ಗತ್ಯಂತರವಿರಲಿಲ್ಲ.

ಚೀಟಿಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತವೆ. ‘ಕ್ರೈಸ್ತರಿಗೆ ಪಾಪ ಪುಕ್ಕಟೆಯಾಗಿ ಕ್ಷಮೆಯಾಗುತ್ತದಂತೆ, ಹಾಗಾದರೆ ಒಳ್ಳೆಯವನಾಗಿ ಬಾಳುವುದು ಯಾಕೆ?’ ಒಬ್ಬರು ಇನ್ನೂ ಖಾರವಾಗಿ, ‘ಆರು ದಿನ ಪಾಪ, ಏಳನೆಯ ದಿನ ಕ್ಷಮೆ, ಇದೆಂಥ ಹಿಸಾಬು?’ ಎಂದು ಬರೆದಿದ್ದಾರೆ. ಇನ್ನೊಂದು ಚೀಟಿ ಬೇರೆ ಬಗೆಯದು. ಅದನ್ನು ಕೊನೆಗೆ ಓದುತ್ತೇನೆ.

ನಿಮಗೆ ಗೊತ್ತಿರುವ ಶಬ್ದದಿಂದಲೇ ಆರಂಭಿಸೋಣ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಶೇಕಡಾ 20ರಷ್ಟು ಕೃಪಾಂಕ ಕೊಟ್ಟಾಗ ಎಷ್ಟು ಗದ್ದಲವಾಯಿತೆಂದು ನಿಮಗೆ ನೆನಪಿರಬಹುದು. ಪಾಸಾದವರು ಸಂತೋಷಪಟ್ಟರು, ಕಷ್ಟಪಟ್ಟು ಓದಿದವರು ಸಿಟ್ಟಾದರು. ಕೃಪಾಂಕ ಎಂದರೆ ದುಡಿದು ಗಳಿಸದ ಅಂಕ. ಕ್ರೈಸ್ತರು ‘ಕೃಪೆ’ ಎನ್ನುವುದೂ ಗಳಿಸದೇ ಸಿಗುವುದನ್ನೇ. ಆದರೆ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಕೃಪಾಂಕ ಸಿಗಬೇಕಾದರೂ ಇಂತಿಷ್ಟು ಅಂಕ ಸ್ವಂತಕ್ಕೆ ಬಂದಿರಬೇಕು, ದಡದ ಹತ್ತಿರ ಈಜಿ ಬಂದವನಿಗೆ ಮಾತ್ರ ಕೈ ಕೊಡುತ್ತಾರೆ. ಸಂತ ಪೌಲನ ಪತ್ರಗಳನ್ನು ಓದಿದರೆ, ಅವನ ಲೆಕ್ಕದಲ್ಲಿ ದಡದ ಹತ್ತಿರ ಬಂದವರು ಯಾರೂ ಇಲ್ಲ. ಶಾಸ್ತ್ರ ಬಲ್ಲವನೂ ಮುಳುಗುತ್ತಿದ್ದಾನೆ, ಬಲ್ಲದವನೂ ಮುಳುಗುತ್ತಿದ್ದಾನೆ. ಕೈ ಚಾಚುವುದು ದೇವರ ಕೆಲಸ, ಅದನ್ನು ಹಿಡಿಯುವುದೇ ವಿಶ್ವಾಸ.

ಮುಳುಗುವುದು ಯಾವುದರಲ್ಲಿ? ಈ ಪ್ರಶ್ನೆ ಮುಖ್ಯವಾದದ್ದು, ಯಾಕೆಂದರೆ ನಾವು ‘ಮೋಕ್ಷ’ ಎಂದಾಗ ಹುಟ್ಟು ಸಾವುಗಳ ಚಕ್ರದಿಂದ ಬಿಡುಗಡೆ ಎಂದು ತಿಳಿಯುತ್ತೇವೆ. ಕ್ರೈಸ್ತರಿಗೆ ಜನ್ಮ ಒಂದೇ. ಬಿಡುಗಡೆ ಆಗಬೇಕಾದದ್ದು ಪಾಪದಿಂದ, ಪಾಪದಿಂದ ಬಂದ ಮರಣದಿಂದ. ಪಾಪವೆಂದರೆ ಸುಳ್ಳು, ಕಳವುಗಳ ಪಟ್ಟಿಯಷ್ಟೇ ಅಲ್ಲ, ದೇವರಿಗೆ ಬೆನ್ನು ತಿರುಗಿಸಿ ನಿಂತ ಸ್ಥಿತಿ. ಆದ್ದರಿಂದ ‘ಸ್ವರ್ಗಕ್ಕೆ ಟಿಕೆಟ್’ ಎಂಬಷ್ಟಕ್ಕೆ ಅವರ ರಕ್ಷಣೆಯ ಅರ್ಥ ಮುಗಿಯುವುದಿಲ್ಲ, ಮುರಿದ ಸಂಬಂಧ ಕೂಡಿಬರುವುದೇ ಅದರ ತಿರುಳು.

ಈ ಸಂಗತಿಗೆ ನಮ್ಮ ಭಾಗದಲ್ಲಿರುವಷ್ಟು ಹೆಸರುಗಳು ಬೇರೆಡೆ ಇರಲಿಕ್ಕಿಲ್ಲ. ಬೆಳಗಾವಿ, ಖಾನಾಪುರದ ಚರ್ಚುಗಳಲ್ಲಿ ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷ್ ನಾಲ್ಕೂ ಕೇಳಿಬರುತ್ತವೆ. ಕನ್ನಡದ ಪ್ರೊಟೆಸ್ಟಂಟರು ‘ರಕ್ಷಣೆ’ ಎನ್ನುತ್ತಾರೆ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿಯಲ್ಲಿ ರಕ್ಷಣೆ ಎಂದರೆ ಮೊದಲು ನೆನಪಾಗುವುದು ಸೈನಿಕರು! ಕೆಥೊಲಿಕರ ಕನ್ನಡದಲ್ಲಿ ‘ಜೀವೋದ್ಧಾರ’ ಎಂಬ ಶಬ್ದ ಹೆಚ್ಚು ಬಳಕೆಯಲ್ಲಿದೆ. ಕೃಪೆಗೆ ಅವರ ಹಳೆಯ ಪ್ರಾರ್ಥನೆಯಲ್ಲಿ ‘ವರಪ್ರಸಾದ’ ಎಂಬ ಮಾತಿದೆ. ಪ್ರಸಾದ ಎಂದೊಡನೆ ಲಿಂಗಾಯತ ಮನೆಯವರಿಗೆ ಅಷ್ಟಾವರಣ, ಷಟ್‌ಸ್ಥಲದ ಪ್ರಸಾದಿ ಸ್ಥಲ ನೆನಪಾದರೆ ತಪ್ಪಲ್ಲ, ಶಬ್ದ ಒಂದೇ ಹೊಲದ್ದು. ಅಂದಹಾಗೆ, ಇಲ್ಲೇ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ 1831ರಲ್ಲೇ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಪೂರ್ಣ ಕನ್ನಡ ಬೈಬಲ್ ಸಿದ್ಧವಾಯಿತು. ಒಂದಕ್ಕೊಂದು ಸಂಬಂಧವಿಲ್ಲ, ಇಸವಿ ನೆನಪಿಡಲು ಅನುಕೂಲವೆಂದು ಹೇಳಿದೆ.

ನನಗೆ ಹೆಚ್ಚು ಹಿಡಿಸಿದ ಶಬ್ದ ಮರಾಠಿಯದು. ಮರಾಠಿ ಕ್ರೈಸ್ತರು ರಕ್ಷಣೆಗೆ ‘ತಾರಣ’ ಎನ್ನುತ್ತಾರೆ. ಅದೇ ಶಬ್ದವನ್ನು ನೀವು ಸಹಕಾರಿ ಪತ್ತಿನ ಸಂಘಗಳ ಬೋರ್ಡಿನಲ್ಲಿ ನೋಡಿದ್ದೀರಿ: ‘ಸೋನೆ ತಾರಣ ಕರ್ಜ’, ಅಂದರೆ ಬಂಗಾರ ಅಡವಿಟ್ಟು ಪಡೆಯುವ ಸಾಲ. ದಾಟಿಸುವುದಕ್ಕೂ ತಾರಣ, ಅಡವಿಗೂ ತಾರಣ. ಆಕಸ್ಮಿಕವಿರಬಹುದು, ಆದರೆ ವಿಷಯಕ್ಕೆ ಸರಿಯಾಗಿ ಹೊಂದುತ್ತದೆ. ಹಣ ಕೊಟ್ಟು ಗುಲಾಮನನ್ನು ಬಿಡಿಸಿಕೊಳ್ಳುವ ಚಿತ್ರ ಬೈಬಲಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಅಡವಿಗೆ ಬಿದ್ದ ಒಡವೆ ತಾನಾಗಿ ಎದ್ದು ಮನೆಗೆ ಬರಲಾರದು. ಒಡೆಯನೇ ಹೋಗಿ, ಸಾಲ ತೀರಿಸಿ ತರಬೇಕು. ಯೇಸು ಶಿಲುಬೆಯ ಮೇಲೆ ಸತ್ತದ್ದನ್ನು ಕ್ರೈಸ್ತರು ಹೀಗೆ ತೆತ್ತ ಬೆಲೆ ಎಂದು ತಿಳಿಯುತ್ತಾರೆ. ಬೆಲೆ ತೆತ್ತದ್ದು ಯಾರಿಗೆ ಎಂಬ ಬಗ್ಗೆ ಅವರ ಪಂಡಿತರಲ್ಲಿ ಸಾವಿರ ವರ್ಷ ವಾದ ನಡೆದಿದೆ, ಅದನ್ನು ಇಲ್ಲಿ ಎತ್ತುವುದಿಲ್ಲ. ನಮಗೆ ಬೇಕಾದದ್ದು ಇಷ್ಟೇ: ಪಡೆಯುವವನಿಗೆ ಪುಕ್ಕಟೆ, ಕೊಡುವವನಿಗೆ ಪುಕ್ಕಟೆಯಲ್ಲ.

ಈಗ ‘ಇದೆಂಥ ಹಿಸಾಬು’ ಎಂದ ಮಿತ್ರರ ಚೀಟಿಗೆ ಬರೋಣ. ಈ ಸಿಟ್ಟನ್ನು ಯೇಸುವೇ ಒಂದು ಕಥೆಯಲ್ಲಿ ಹೇಳಿದ್ದಾನೆ. ಅದು ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿದೆ. ನಮ್ಮ ಅಥಣಿ ಕಡೆಯ ದ್ರಾಕ್ಷಿ ತೋಟವೆಂದೇ ಇಟ್ಟುಕೊಳ್ಳಿ. ತೋಟದ ಮಾಲೀಕ ಬೆಳಗಾಗುತ್ತಲೇ ನಾಕಾಕ್ಕೆ ಹೋಗಿ ಕೂಲಿಯವರನ್ನು ಕರೆತರುತ್ತಾನೆ, ಒಂದು ದಿನದ ಪಗಾರ ಗೊತ್ತು ಮಾಡುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೆ ಹೋದರೂ ಯಾರೂ ಕರೆಯದೆ ನಿಂತವರು ಅಲ್ಲಿರುತ್ತಾರೆ, ಅವರನ್ನೂ ಕರೆತರುತ್ತಾನೆ. ಬಟವಾಡೆಯ ಹೊತ್ತಿಗೆ ಎಲ್ಲರಿಗೂ ಪೂರ್ತಿ ದಿನದ ಪಗಾರ! ಬೆಳಗಿನಿಂದ ಬಿಸಿಲಲ್ಲಿ ಬೆಂದವರು ಜಗಳಕ್ಕೆ ನಿಲ್ಲುತ್ತಾರೆ. ನಿಮಗೆ ಮಾತು ಕೊಟ್ಟದ್ದರಲ್ಲಿ ನಾನೇನಾದರೂ ಕಡಿಮೆ ಮಾಡಿದೆನೇ ಎಂಬುದು ಮಾಲೀಕನ ಪ್ರಶ್ನೆ.

ಬೆಳಗ್ಗೆ ನಾಕಾದಲ್ಲಿ ಕೂಲಿಗಾಗಿ ಕಾಯುವವರನ್ನು ನಾನು ದಿನಾ ನೋಡುತ್ತೇನೆ. ಹನ್ನೊಂದರ ಹೊತ್ತಿಗೂ ಉಳಿದವರೆಂದರೆ ಸಾಮಾನ್ಯವಾಗಿ ವಯಸ್ಸಾದವರು, ಕೃಶವಾದವರು. ಅವರ ಮನೆಯ ಹಸಿವು ಅರ್ಧ ದಿನದ್ದಲ್ಲ. ಈ ಕಥೆ ಕೂಲಿ ಕಾಯ್ದೆಯಂತೆ ನಡೆಯುವುದಿಲ್ಲ, ನಡೆಯಬೇಕೆಂದು ಹೇಳಿದ್ದೂ ಅಲ್ಲ. ಕೇಳಿದವರು ಬೆಳಗಿನ ಕೂಲಿಯವರ ಪಕ್ಷ ವಹಿಸುತ್ತಾರೋ ಸಂಜೆಯವರ ಪಕ್ಷ ವಹಿಸುತ್ತಾರೋ ಎಂಬುದರ ಮೇಲೆ ಅರ್ಥ ನಿಂತಿದೆ. ನಾವೆಲ್ಲ ನಮ್ಮನ್ನು ಬೆಳಗಿನವರೆಂದೇ ತಿಳಿದಿರುತ್ತೇವೆ.

ಹಾಗಾದರೆ ಸತ್ಕಾರ್ಯಕ್ಕೆ ಬೆಲೆಯಿಲ್ಲವೇ? ಇದಕ್ಕೆ ಜಕ್ಕಾಯನ ಕಥೆ ಉತ್ತರ. ಅವನು ರೋಮಿನ ಸರಕಾರಕ್ಕೆ ಸುಂಕ ವಸೂಲಿ ಮಾಡುವವರ ಮುಖ್ಯಸ್ಥ, ಜನರಿಂದ ಹೆಚ್ಚು ಕಿತ್ತು ಶ್ರೀಮಂತನಾದವನು. ಗಿಡ್ಡ ಆಳು, ಗುಂಪಿನಲ್ಲಿ ಯೇಸು ಕಾಣಲಿಲ್ಲವೆಂದು ಅತ್ತಿಯ ಮರ ಹತ್ತಿ ಕೂತ. ಯೇಸು ಅವನನ್ನು ಇಳಿಸಿ ಅವನ ಮನೆಗೇ ಬಿಡಾರಕ್ಕೆ ಬರುತ್ತೇನೆಂದ. ಊರವರು ಗೊಣಗಿದರು. ಆಮೇಲೆ ಜಕ್ಕಾಯ ಅರ್ಧ ಆಸ್ತಿ ಬಡವರಿಗೆ ಕೊಡುತ್ತೇನೆ, ವಂಚಿಸಿದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಎಂದ. ಕ್ರಮವನ್ನು ಗಮನಿಸಬೇಕು. ಹಣ ಹಿಂದಿರುಗಿಸಿದ್ದಕ್ಕೆ ಯೇಸು ಬಂದದ್ದಲ್ಲ, ಬಂದದ್ದಕ್ಕೆ ಹಣ ಹಿಂದಿರುಗಿತು. ಒಳ್ಳೆಯ ಕೆಲಸ ಬೇರಲ್ಲ, ಫಲ. ಫಲವೇ ಇಲ್ಲದ ಮರದ ಬಗ್ಗೆ ಅನುಮಾನಪಡಬೇಕೆಂದು ಬೈಬಲಿನಲ್ಲೇ ಯಾಕೋಬನ ಪತ್ರ ಗದರಿಸುತ್ತದೆ. ಕೆಥೊಲಿಕರ ಪಾಪನಿವೇದನೆಯಲ್ಲೂ ಕದ್ದವನು ಕದ್ದದ್ದನ್ನು ಹಿಂದಿರುಗಿಸುವ ಮನಸ್ಸಿಲ್ಲದೆ ಬಾಯಲ್ಲಿ ಮಾತ್ರ ಒಪ್ಪಿಕೊಂಡರೆ ಸಾಲದು. ಹಿಟ್ಲರನನ್ನು ಎದುರಿಸಿ 1945ರಲ್ಲಿ ಗಲ್ಲಿಗೇರಿದ ಜರ್ಮನ್ ಪಾದ್ರಿ ಡೀಟ್ರಿಚ್ ಬೊನ್‌ಹಾಫರ್, ಪಶ್ಚಾತ್ತಾಪವಿಲ್ಲದ ಕ್ಷಮೆಯನ್ನು 1937ರ ತನ್ನ ಪುಸ್ತಕದಲ್ಲಿ ‘ಅಗ್ಗದ ಕೃಪೆ’ ಎಂದು ಹಳಿದ. ಚೀಟಿ ಬರೆದ ಮಿತ್ರರ ಆಕ್ಷೇಪ ಚರ್ಚಿನ ಒಳಗಿನಿಂದಲೇ ಬಂದದ್ದಿದೆ.

ಇಷ್ಟು ಸರಳವಾದರೆ ಕ್ರೈಸ್ತರು ತಮ್ಮತಮ್ಮಲ್ಲೇ ಯಾಕೆ ಕಾದಾಡಿದರು? 1517ರಲ್ಲಿ ಮಾರ್ಟಿನ್ ಲೂಥರ್ ಎದ್ದುನಿಂತದ್ದೇ ಪಾಪದ ಶಿಕ್ಷೆಯ ವಿನಾಯಿತಿ ಪತ್ರಗಳನ್ನು ಹಣಕ್ಕೆ ಹಂಚುತ್ತಿದ್ದುದರ ವಿರುದ್ಧ. ವಿಶ್ವಾಸವೊಂದೇ ಸಾಕು ಎಂದು ಲೂಥರ್, ಕೃಪೆಯ ಜೊತೆ ಮನುಷ್ಯನ ಇಚ್ಛೆಯೂ ಸಹಕರಿಸಬೇಕು ಎಂದು ಕೆಥೊಲಿಕರ ಟ್ರೆಂಟ್ ಮಹಾಸಭೆ. ನಮ್ಮಲ್ಲಿ ಶ್ರೀವೈಷ್ಣವರ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯಗಳ ಚರ್ಚೆ ಗೊತ್ತಿದ್ದವರಿಗೆ ಇದು ಹೊಸದೆನಿಸದು. ಕೋತಿಯ ಮರಿ ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ವಡಗಲೆಯವರು ಮೊದಲನೆಯದೆಂದರು, ತೆಂಗಲೆಯವರು ಎರಡನೆಯದೆಂದರು. ಲೂಥರ್ ಬೆಕ್ಕಿನ ಪಕ್ಷ ಎಂದರೆ ದೊಡ್ಡ ತಪ್ಪಾಗಲಾರದು.

ಬೆಳಗಾವಿಗೂ ಈ ಜಗಳದ ಎಳೆ ಬಂದಿದೆ. 1820ರಲ್ಲಿ ಜೋಸೆಫ್ ಟೇಲರ್ ಇಲ್ಲಿ ಲಂಡನ್ ಮಿಷನ್ ಆರಂಭಿಸಿದ. ಇಂದಿನ ಬೆನನ್ ಸ್ಮಿತ್ ಶಾಲೆಯ ಮೂಲ ಆ ಮಿಷನ್ನೇ. ಆ ಮಿಷನ್ನಿನವರಲ್ಲಿ ಹೆಚ್ಚಿನವರು ಕ್ಯಾಲ್ವಿನ್ ಪರಂಪರೆಯಿಂದ ಬಂದವರು. ಆ ಪರಂಪರೆಯ ಕಟ್ಟಾ ರೂಪದಲ್ಲಿ ಯಾರು ಉಳಿಯಬೇಕೆಂಬುದನ್ನು ದೇವರು ಮೊದಲೇ ಆರಿಸಿದ್ದಾನೆ. 1904ರಲ್ಲಿ ಕೆಲಸ ಅಮೆರಿಕದ ಮೆಥೊಡಿಸ್ಟರ ಕೈಗೆ ಬಂತು. ಅವರ ಗುರು ಜಾನ್ ವೆಸ್ಲಿಯ ಪ್ರಕಾರ ಕೃಪೆ ಎಲ್ಲರಿಗೂ ಚಾಚಿದ ಕೈ, ಬೇಡವೆನ್ನುವ ಸ್ವಾತಂತ್ರ್ಯ ಮನುಷ್ಯನಿಗಿದೆ. ಕೆಥೊಲಿಕರಿಗೆ 1953ರಲ್ಲಿ ಬೆಳಗಾವಿಯೇ ಒಂದು ಧರ್ಮಪ್ರಾಂತ್ಯವಾಯಿತು. ಒಂದೇ ಊರು, ಬೇರೆ ಬೇರೆ ಗಂಟೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರು ಮತ್ತು ಕೆಥೊಲಿಕರು ಜಂಟಿ ಘೋಷಣೆಗೆ ಸಹಿ ಹಾಕಿದರು. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಆ ಕೃಪೆಯೇ ಸತ್ಕಾರ್ಯಕ್ಕೆ ಅಣಿಗೊಳಿಸುತ್ತದೆ ಎಂಬುದು ಅದರ ಸಾರ. 2006ರಲ್ಲಿ ಸೋಲ್ ನಗರದಲ್ಲಿ ವಿಶ್ವ ಮೆಥೊಡಿಸ್ಟ್ ಪರಿಷತ್ತೂ ಅದಕ್ಕೆ ಒಪ್ಪಿಗೆ ಕೊಟ್ಟಿತು. 482 ವರ್ಷಗಳ ತಂಟೆ ಬಹುಮಟ್ಟಿಗೆ ಮುಗಿದ ದಿನ ನಮ್ಮ ಪತ್ರಿಕೆಗಳಿಗೆ ದೊಡ್ಡ ಸುದ್ದಿಯಾಗಲಿಲ್ಲ. ದೀಪಾಲಂಕಾರದ ಫೋಟೋ ಮಾತ್ರ ತಪ್ಪದೆ ಬರುತ್ತದೆ.

ಮತಾಂತರದ ಪ್ರಶ್ನೆಯೂ ನಿಮ್ಮ ಚೀಟಿಗಳಲ್ಲಿದೆ. ತಪ್ಪಿಸಿಕೊಳ್ಳುವುದಿಲ್ಲ. 2021ರ ಡಿಸೆಂಬರಿನಲ್ಲಿ ನಮ್ಮ ಸುವರ್ಣ ವಿಧಾನಸೌಧದಲ್ಲೇ ವಿಧಾನಸಭೆ ಮತಾಂತರ ನಿಯಂತ್ರಣ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮುಂದಿನ ಸರಕಾರದ ಸಂಪುಟ 2023ರ ಜೂನ್‌ನಲ್ಲಿ ಆ ಕಾನೂನನ್ನು ಹಿಂಪಡೆಯಲು ತೀರ್ಮಾನಿಸಿತು. ಅದರಲ್ಲಿ ‘ಆಮಿಷ’ದ ವ್ಯಾಖ್ಯೆಯಿತ್ತು. ಕಾನೂನಿನ ಸರಿತಪ್ಪು ಇಲ್ಲಿಯ ವಿಷಯವಲ್ಲ. ಆದರೆ ಕೃಪೆಯ ತತ್ವದಂತೆಯೇ ನೋಡಿದರೆ, ಆಮಿಷ ಒಡ್ಡುವ ಪ್ರಚಾರಕ ತನ್ನ ಧರ್ಮವನ್ನೇ ಸುಳ್ಳು ಮಾಡುತ್ತಾನೆ. ಹಣಕ್ಕೆ ವರವನ್ನು ಕೊಳ್ಳಲು ಬಂದ ಸಿಮೋನನನ್ನು ಅಪೊಸ್ತಲ ಪೇತ್ರ ಗದರಿಸಿ ಅಟ್ಟಿದ ಪ್ರಸಂಗ ಬೈಬಲಿನಲ್ಲಿದೆ. ಹಾಗೆಯೇ ಚರ್ಚಿಗೆ ಸೇರುವುದೂ ರಕ್ಷಣೆಯೂ ಒಂದೇ ಎನ್ನುವಂತಿಲ್ಲ. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆಗ ತನಗೆ ಸಿಕ್ಕದ್ದು ಕ್ರಿಸ್ತನ ಧರ್ಮ, ಕ್ರಿಸ್ತನಲ್ಲ, ಅದಕ್ಕೆ ಇನ್ನೂ ಎಂಟು ವರ್ಷ ಹಿಡಿಯಿತು ಎಂಬರ್ಥದ ಮಾತನ್ನು ಅವರೇ ಬರೆದುಕೊಂಡಿದ್ದಾರೆ. ಪುಣೆಯ ಬಳಿ ಕೇಡಗಾಂವದಲ್ಲಿ ವಿಧವೆಯರಿಗೆ, ಅನಾಥರಿಗೆ ಅವರು ಕಟ್ಟಿದ ನೆಲೆಗೆ ‘ಮುಕ್ತಿ’ ಎಂದೇ ಹೆಸರಿಟ್ಟರು.

ಉಳಿದದ್ದು ಆ ಒಂದು ಚೀಟಿ. ಹೆಸರಿಲ್ಲ. ‘ನಮ್ಮ ಅಜ್ಜಿ ಚರ್ಚಿಗೆ ಹೋದವರಲ್ಲ. ಹಸಿದು ಬಂದವರನ್ನು ಹಾಗೆಯೇ ಕಳಿಸಿದವರೂ ಅಲ್ಲ. ಅವರಿಗೆ ರಕ್ಷಣೆ ಇಲ್ಲ ಎಂದು ನನ್ನ ಗೆಳೆಯ ಹೇಳಿದ. ಹೌದೇ?’

ಗೆಳೆಯ ಸುಳ್ಳು ಹೇಳಿಲ್ಲ, ಹಾಗೆ ನಂಬುವ ಸಭೆಗಳಿವೆ. ಕ್ರಿಸ್ತನನ್ನು ಬಾಯಾರೆ ಒಪ್ಪದೆ ದಾರಿಯಿಲ್ಲ ಎಂಬುದು ಅವರ ದೃಢ ಮತ. ಆದರೆ ಅದು ಎಲ್ಲ ಕ್ರೈಸ್ತರ ಉತ್ತರವಲ್ಲ. 1964ರಲ್ಲಿ ಕೆಥೊಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆ, ತನ್ನ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದವನೂ ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಅರಸಿ, ಅಂತಃಸಾಕ್ಷಿಯಂತೆ ನಡೆದರೆ ರಕ್ಷಣೆ ಹೊಂದಬಲ್ಲ ಎಂದಿತು. ಅದೂ ಕೃಪೆಯಿಂದಲೇ ಎಂಬುದನ್ನು ಸೇರಿಸಲು ಮರೆಯಲಿಲ್ಲ. ಮನುಷ್ಯ ಕರೆಯುವ ಮೊದಲೇ ಅವನೊಳಗೆ ಕೆಲಸ ಮಾಡುವ ಕೃಪೆಯೊಂದಿದೆ ಎಂದು ವೆಸ್ಲಿ ಬೋಧಿಸಿದ. ಬೈಬಲಿನಲ್ಲೇ, ಕೊನೆಯ ತೀರ್ಪಿನ ದಿನ ನೀತಿವಂತರು ಬೆರಗಾಗುವ ಒಂದು ದೃಶ್ಯ ಮತ್ತಾಯನ 25ನೆಯ ಅಧ್ಯಾಯದಲ್ಲಿದೆ. ಹಸಿದಾಗ ಉಣಿಸಿದಿರಿ, ಸೆರೆಯಲ್ಲಿದ್ದಾಗ ನೋಡಲು ಬಂದಿರಿ ಎಂದು ರಾಜ ಹೇಳಿದರೆ, ಯಾವಾಗ ಹಾಗೆ ಮಾಡಿದೆವೆಂದು ಅವರೇ ಕೇಳುತ್ತಾರೆ. ಬೆಳಗಾವಿಯ ಇಬ್ಬರು ಪಾದ್ರಿಗಳ ಮುಂದೆ, ಒಬ್ಬರು ಕೆಥೊಲಿಕ್, ಒಬ್ಬರು ಮೆಥೊಡಿಸ್ಟ್, ನಾನು ಈ ಚೀಟಿಯನ್ನು ಬೇರೆ ಬೇರೆಯಾಗಿ ಇಟ್ಟೆ. ಇಬ್ಬರೂ ಮೊದಲು ಕೇಳಿದ್ದು ಒಂದೇ ಮಾತು: ಅಜ್ಜಿ ಇನ್ನೂ ಇದ್ದಾರೆಯೇ?

ಚೀಟಿ ಬರೆದವರು ಭಾಷಣ ಮುಗಿದ ಮೇಲೆ ನನ್ನನ್ನು ಕಂಡರೆ ಆ ಇಬ್ಬರ ಉತ್ತರವನ್ನೂ ಪೂರ್ತಿಯಾಗಿ ಹೇಳುತ್ತೇನೆ. ಬೆಳಗಾವಿಯ ಬಸ್ಸಿಗೆ ಇನ್ನೂ ನಲವತ್ತು ನಿಮಿಷವಿದೆ.