ಎಮ್ಮೆ ಯಾರ ಪಾಲಿಗೆ?



ಕಳೆದ ಭಾನುವಾರ ನಮ್ಮ ಓದಿನ ಬಳಗದಲ್ಲಿ ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಓದುತ್ತಿದ್ದೆವು. ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವ ಕತೆ. ಮೊಮ್ಮಗನನ್ನು ಹೊಡೆದ ವಿಚಾರಕ್ಕೆ ಅತ್ತೆ ಸೊಸೆಗೆ ಮಾತು ಬೆಳೆಯುತ್ತದೆ, ಮಗ ಹೆಂಡತಿಯ ಕಡೆ ನಿಲ್ಲುತ್ತಾನೆ, ಮಂಗಮ್ಮ ಬೇರೆಯಾಗುತ್ತಾಳೆ. ಇನ್ನು ಯಾರಿಗಾಗಿ ಕೂಡಿಡಬೇಕು ಅನ್ನಿಸಿ ಮಕಮಲ್ಲಿನ ರವಿಕೆ ತೊಡುತ್ತಾಳೆ. ಓದು ಅಲ್ಲಿಗೆ ಬರುವ ಹೊತ್ತಿಗೆ, ಗೋಡೆಗೆ ಒರಗಿ ಕೂತಿದ್ದ ಒಬ್ಬ ತಾಯಿ ತಡೆದು ಕೇಳಿದರು.

“ಅದೆಲ್ಲ ಸರಿ ಅಕ್ಕ, ಬೇರೆಯಾದ್ಮೇಲೆ ಎಮ್ಮೆ ಯಾರ ಪಾಲಿಗೆ ಬಂತು?”

ಓದುತ್ತಿದ್ದ ಹುಡುಗಿ ನಿಲ್ಲಿಸಿ ನನ್ನ ಮುಖ ನೋಡಿದಳು. ಕತೆ ಬರೆಯುವವಳು ನಾನು, ನನಗೆ ಗೊತ್ತಿರಬೇಕು ಎಂದು.

ಆ ತಾಯಿ ಬಂಗಾರಪೇಟೆ ಕಡೆಯ ಹಳ್ಳಿಯವರು. ಮಗಳು ಡಿಗ್ರಿ ಓದುತ್ತಿದ್ದಾಳೆ. ಅವಳನ್ನು ಚಿನ್ನದ ಗಣಿಯ ನಮ್ಮ ಊರಿಗಾಂಗೆ ಕರೆತಂದು, ವಾಪಸು ಹೋಗುವ ಬಸ್ಸು ಬರುವವರೆಗೆ ತಾವೂ ನಮ್ಮ ಜೊತೆ ಕೂರುತ್ತಾರೆ. ಸಹಿ ಹಾಕುವುದಷ್ಟೇ ಬರುತ್ತದೆ. ಮನೆಯಲ್ಲಿ ಎರಡು ಸೀಮೆಹಸು, ಹೊತ್ತಾರೆ ಸಾಯಂಕಾಲ ಡೈರಿಗೆ ಹಾಲು. ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು.

“ಮೊಸರು ಮಾರೋರ ಮನೇಲಿ ಬೇರೆಯಾಗೋದು ಅಂದ್ರೆ ಬರೀ ಒಲೆ ಬೇರೆ ಅಲ್ಲ. ಹುಲ್ಲು ತರೋರು ಒಬ್ಬರು, ಕರೆಯೋರು ಒಬ್ಬರು, ರಾತ್ರಿ ಹೆಪ್ಪು ಹಾಕೋರು ಇನ್ನೊಬ್ಬರು. ಜಗಳ ಆಡಿದ ದಿನಾನೂ ಹೊತ್ತಿಗೆ ಸರಿಯಾಗಿ ಅದು ಕೂಗ್ತದೆ. ನಾನೂ ನಮ್ಮತ್ತೇನೂ ಒಂದ್ಸಾರಿ ಮಾತು ಬಿಟ್ಟಿದ್ವಿ. ನಾನು ಕರೆದ ಹಾಲು ಆಯಮ್ಮನೇ ಡೈರಿಗೆ ಹಾಕಿ ಬರೋರು. ಚೀಟೀಲಿ ಫ್ಯಾಟು ಕಮ್ಮಿ ಬಂದ್ರೆ ಹಸೂನ ಬೈಯೋರು, ನನಗೆ ಕೇಳಲಿ ಅಂತ. ನಾನೂ ಹಸೂಗೇ ಉತ್ತರ ಹೇಳ್ತಿದ್ದೆ. ಹಂಗೇ ಮಾತು ಶುರುವಾಯ್ತು.”

ಆಮೇಲೆ ಅರ್ಧ ಗಂಟೆ ನಾವು ಪುಸ್ತಕ ಮುಟ್ಟಲಿಲ್ಲ. ಪಾಲಾದ ಮನೆಗಳ ಮಾತೇ ಮಾತು. ಬಾವಿ ಪಾಲಾದದ್ದು, ಹುಣಸೆ ಮರದ ಒಂದೊಂದು ಕೊಂಬೆ ಒಬ್ಬೊಬ್ಬರಿಗೆ ಹೋದದ್ದು, ಕೇಳುತ್ತ ಕೂತೆವು. ಮಾಸ್ತಿಯವರ ಕತೆಯಲ್ಲಿ ಎಮ್ಮೆಯ ಮಾತು ಎಲ್ಲಿ ಎಷ್ಟು ಬರುತ್ತದೆ ಎಂದು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಅವರ ಕತೆಯಲ್ಲಿ ರಾಜಿಗೆ ಮೊಮ್ಮಗ ದಾರಿಯಾಗುತ್ತಾನೆ, ಈ ತಾಯಿಯ ಮನೆಯಲ್ಲಿ ಹಸು ದಾರಿಯಾಗಿತ್ತು.

ನಾನು ಆ ಕತೆಯ ಹತ್ತಿರ ಹೋಗುವುದು ಬೇರೆ ಕಾರಣಕ್ಕೆ. ಮಂಗಮ್ಮನ ಸಂಸಾರವನ್ನು ಮಾಸ್ತಿಯವರು ತಾವೇ ನಿಂತು ಹೇಳುವುದಿಲ್ಲ. ಅವಳ ಹತ್ತಿರ ಮೊಸರು ಕೊಳ್ಳುವ ಒಬ್ಬ ಗೃಹಿಣಿಯ ಬಾಯಲ್ಲಿ ಹೇಳಿಸುತ್ತಾರೆ. ಬಾಗಿಲ ಬಳಿ ಮೊಸರು ಅಳೆಯುವಾಗ ಎಷ್ಟು ಗುಟ್ಟು ಬಿಚ್ಚಿಕೊಳ್ಳಬಹುದೋ ಅಷ್ಟೇ ನಮಗೂ ಸಿಗುತ್ತದೆ. ಆ ಅಳತೆ ಎಷ್ಟು ಸಲ ನೋಡಿದರೂ ನನಗೆ ಸಾಕೆನ್ನಿಸದು. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕತೆಯನ್ನು ಆ ತಾಯಿ ನೇರ ಕೊಟ್ಟಿಗೆಗೇ ಹೋಗಿ ಕೇಳಿದರು. ಕತೆ ಇಬ್ಬರನ್ನೂ ಒಳಗೆ ಬಿಟ್ಟುಕೊಂಡಿತು. ದೊಡ್ಡ ಕತೆ ಎಂದರೆ ಇದೇ ಇರಬೇಕು.

ಬರೆಯುವವರಿಗೆ ಹೆಚ್ಚು ಓದು ಬೇಡ, ಓದಿದರೆ ಬೇರೆಯವರ ದನಿ ನಮ್ಮ ಬರಹದಲ್ಲಿ ಸೇರಿಕೊಳ್ಳುತ್ತದೆ ಎನ್ನುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಸೇರಿಕೊಳ್ಳಲಿ. ಮಾಸ್ತಿಯವರ ದನಿಯಲ್ಲೇ ಎಷ್ಟು ದನಿ ಸೇರಿಲ್ಲ? ಅವರ ಹೆಸರಿನ ಊರು ಮಾಸ್ತಿ ಇರುವುದು ನಮ್ಮ ಪಕ್ಕದ ಮಾಲೂರು ತಾಲ್ಲೂಕಿನಲ್ಲಿ. ಅವರ ಮನೆಮಾತು ತಮಿಳು, ಬರೆದದ್ದು ಕನ್ನಡ. 1983ರ ಜ್ಞಾನಪೀಠ ಪ್ರಶಸ್ತಿ ಬಂದದ್ದು ಕೊಡಗಿನ ಕೊನೆಯ ಅರಸನನ್ನು ಕುರಿತ ‘ಚಿಕವೀರ ರಾಜೇಂದ್ರ’ ಕಾದಂಬರಿಗೆ. ಮನೆಯ ಮಾತೊಂದು, ಬರಹದ ಮಾತೊಂದು, ಕತೆಯ ಊರು ಮತ್ತೊಂದು. ನಮ್ಮ ಊರಿಗಾಂ, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆಯ ಮಕ್ಕಳಿಗೆ ಇದು ಹೊಸದಲ್ಲ. ನಮ್ಮ ಬಳಗದಲ್ಲೂ ಕನ್ನಡವನ್ನು ಕಿವಿಯಲ್ಲಿ ಕೇಳಿ ತಮಿಳಿನಲ್ಲೋ ತೆಲುಗಿನಲ್ಲೋ ಮನಸ್ಸಿಗೆ ತಂದುಕೊಳ್ಳುವವರೇ ಹೆಚ್ಚು. ಆದ್ದರಿಂದಲೇ ನಾವು ಗಟ್ಟಿಯಾಗಿ ಓದುವುದು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಜನ ಮರದಡಿ ಚಾಪೆ ಹಾಸಿಕೊಂಡು ಮೌನವಾಗಿ ಓದುತ್ತಾರೆ. ಅದೂ ಬಹಳ ಒಳ್ಳೆಯ ಕೆಲಸ. ನಮ್ಮಲ್ಲಿ ಮಾತ್ರ ದನಿ ಬೇಕು. ಮೌನವಾಗಿ ಓದಿದ್ದರೆ ಎಮ್ಮೆಯ ಪ್ರಶ್ನೆ ಬರುತ್ತಿರಲಿಲ್ಲ, ಅದನ್ನು ಕೇಳಿದವರಿಗೆ ಅಕ್ಷರ ಬಾರದು.

ಗಟ್ಟಿಯಾಗಿ ಓದುವುದು ಕನ್ನಡಕ್ಕೆ ಹಳೆಯ ರೂಢಿ. ಜಗುಲಿಯ ಮೇಲೆ ಒಬ್ಬರು ಕುಮಾರವ್ಯಾಸ ಭಾರತ ವಾಚನ ಮಾಡಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಓದು ಬಾರದವರೂ ಕೂತು ಕೇಳುತ್ತಿದ್ದರು. ಚಿನ್ನದ ಗಣಿಯ ನಮ್ಮ ಊರಿಗೆ ಓದಿನ ಇನ್ನೊಂದು ಪರಂಪರೆಯೂ ಇದೆ. ಅಯೋತ್ತಿದಾಸ ಪಂಡಿತರು 1907ರಲ್ಲಿ ಮದರಾಸಿನಲ್ಲಿ ಒಂದು ಪೈಸೆಯ ವಾರಪತ್ರಿಕೆ ತಂದರು, ‘ತಮಿಳನ್’ ಎಂದು. ದಲಿತರು ಬೌದ್ಧರಾಗಬೇಕೆಂದು, ಓದು ಬರಹ ಕಲಿಯಬೇಕೆಂದು ಹೇಳುತ್ತಿದ್ದ ಪತ್ರಿಕೆ. ಅದಕ್ಕೆ ಗಣಿ ಕಾರ್ಮಿಕರಲ್ಲಿ ಬಹಳ ಓದುಗರಿದ್ದರು. 1914ರಲ್ಲಿ ಪಂಡಿತರು ತೀರಿಕೊಂಡ ಮೇಲೆ, ಮುಂದೆ ಅದೇ ಹೆಸರಿನ ಪತ್ರಿಕೆ ಇಲ್ಲಿಂದಲೇ ಹೊರಟಿತು. ಚಾಂಪಿಯನ್ ರೀಫ್ಸ್‌ನಲ್ಲಿ ಸಿದ್ಧಾರ್ಥ ಪುತ್ತಕಸಾಲೈ ಎಂಬ ಪುಸ್ತಕಾಲಯ ಪಂಡಿತರ ಬರಹಗಳನ್ನು ಅಚ್ಚು ಹಾಕಿತು. ಶಿಫ್ಟು ಮುಗಿಸಿ ಶಾಫ್ಟಿನಿಂದ ಮೇಲೆ ಬಂದವರು ಲೈನ್ ಮನೆಗಳಿಗೆ ಹೋಗಿ ಪತ್ರಿಕೆ ಹಿಡಿಯುತ್ತಿದ್ದರು ಎಂದರೆ ಆ ಜನರ ಹಸಿವು ಎಂಥದ್ದಿರಬೇಕು. ಈ ಊರಿನ ಚಿನ್ನದ ಬಗ್ಗೆ ಬಂದಷ್ಟು ಮಾತು ಈ ಊರಿನ ಓದಿನ ಬಗ್ಗೆ ಬಂದಿಲ್ಲ. ಅದು ನನಗೆ ಸಂಕಟದ ವಿಷಯ.

ಇನ್ನು, ಬಳಗಕ್ಕೆ ಸೇರಿದರೆ ನಮಗೆ ಬೇಕಾದದ್ದನ್ನೇ ಓದುವ ಹಾಗಿಲ್ಲ. ಯಾರೋ ಏನನ್ನೋ ತರುತ್ತಾರೆ, ಕೂತು ಕೇಳಬೇಕು. ಒಮ್ಮೆ ವಿಜ್ಞಾನದ ಮೇಷ್ಟ್ರೊಬ್ಬರು ನ್ಯೂಟ್ರಿನೊ ಎಂಬ ಕಣದ ಮೇಲಿನ ಲೇಖನ ತಂದಿದ್ದರು. ಏನನ್ನೂ ತಾಗದೆ ಇಡೀ ಭೂಮಿಯನ್ನೇ ಹಾಯ್ದು ಹೋಗಬಲ್ಲ ಕಣ ಅದು. ಆಕಾಶದಿಂದ ಬರುವ ಬೇರೆ ಕಣಗಳ ಗದ್ದಲವಿರದ ಜಾಗ ಬೇಕೆಂದು ವಿಜ್ಞಾನಿಗಳು ನಮ್ಮ ಗಣಿಯ ಆಳಕ್ಕೆ ಇಳಿದರು. 1965ರಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತು ಸಿಕ್ಕಿತು. ಅದೇ ಸುಮಾರಿಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಸಿಕ್ಕಿತು. ಜಗತ್ತಿನಲ್ಲಿ ಅದೇ ಮೊದಲು. ಲೇಖನ ಕೇಳುತ್ತಿದ್ದ ನಿವೃತ್ತ ಕಾರ್ಮಿಕರೊಬ್ಬರು ಮೆಲ್ಲಗೆ ಹೇಳಿದರು, “ಆ ಸೈಂಟಿಸ್ಟುಗಳಿಗೆ ಕಬ್ಬಿಣ ಇಳಿಸಿ ಕೊಟ್ಟಿದ್ದೀನಿ ಮೇಡಂ. ಯಾತಕ್ಕೆ ಅಂತ ಇವತ್ತು ಗೊತ್ತಾಯ್ತು.”

ಅವರ ಆ ಮಾತನ್ನು ಯಾವ ಕತೆಗೆ ಹೇಗೆ ತರಲಿ ಎಂದು ಇನ್ನೂ ಯೋಚಿಸುತ್ತಿದ್ದೇನೆ. ತರಲೇಬೇಕೆಂದೇನೂ ಇಲ್ಲ. ಕತೆಗಾರರು ಕತೆಯನ್ನಷ್ಟೇ ಓದಿದರೆ ಸಾಲದು ಎಂದು ದೊಡ್ಡವರು ಹೇಳುತ್ತಾ ಬಂದಿದ್ದಾರೆ. ಅದಕ್ಕೆ ನಾನು ಸೇರಿಸುವುದು ಇಷ್ಟೇ, ಒಬ್ಬರೇ ಓದಿದರೂ ಸಾಲದು. ಈಗ ನಾನು ಬರೆಯುತ್ತಿರುವ ಕತೆಯಲ್ಲಿ ಅಣ್ಣತಮ್ಮಂದಿರು ಬೇರೆಯಾಗುವ ಪ್ರಸಂಗ ಇದೆ. ಭಾನುವಾರದಿಂದ ಆ ಪುಟ ಮುಂದೆ ಹೋಗಿಲ್ಲ. ಅವರ ಮನೆಯಲ್ಲಿ ಬೆಳಗಿನ ಕೆಲಸ ಯಾರು ಯಾರದು ಎಂದು ಮೊದಲು ತಿಳಿದುಕೊಳ್ಳಬೇಕಾಗಿದೆ.

ಕೇಳುಗರೇ, ನಿಮ್ಮ ಊರಿನ ಪಂಚಾಯಿತಿಯಲ್ಲಿ ಒಂದು ಗ್ರಂಥಾಲಯ ಇದ್ದೀತು, ಈಗ ಅದಕ್ಕೆ ಅರಿವು ಕೇಂದ್ರ ಎನ್ನುತ್ತಾರೆ. ಒಂದು ಭಾನುವಾರ ಅಲ್ಲಿಂದ ಒಂದು ಕತೆ ಪುಸ್ತಕ ತಂದು ನಾಲ್ಕು ಜನ ಕೂತು ಗಟ್ಟಿಯಾಗಿ ಓದಿಸಿ. ಓದು ಬಾರದವರನ್ನು ಮರೆಯದೆ ಕರೆಯಿರಿ, ಅವರು ತಡೆದು ಕೇಳಿದರೆ ಪುಸ್ತಕ ಮುಚ್ಚಿಟ್ಟು ಕೇಳಿಸಿಕೊಳ್ಳಿ.