ಹೊರಗೆ ಕೊಡೋ ಮುಂಚೆ: ಔಟ್‌ಸೋರ್ಸಿಂಗ್ ಯಾವಾಗ ಬೇಡ?

 

ಹೋದ ವಾರ ಹುಬ್ಬಳ್ಳಿಯಿಂದ ಒಬ್ರು ಅಕ್ಕ ವಾಯ್ಸ್ ನೋಟ್ ಕಳಿಸಿದ್ರು. ಹೆಸರು ಹೇಳ್ಬೇಡ ಅಂದಿದ್ದಾರೆ, ಹೇಳಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಅಗಸಿ ಚಟ್ನಿಪುಡಿ ಮಾಡಿ ವಾಟ್ಸಾಪ್, ಇನ್‌ಸ್ಟಾಗ್ರಾಂನಲ್ಲಿ ಮಾರ್ತಾರೆ. ಒಂದು ರೂಮ್ ಬಾಡಿಗೆಗೆ ಹಿಡಿದಿದ್ದಾರೆ, ಇಬ್ಬರು ಹೆಣ್ಮಕ್ಕಳು ಕಿಲೋ ಲೆಕ್ಕದಲ್ಲಿ ಕೆಲಸಕ್ಕೆ ಬರ್ತಾರೆ. ತಿಂಗಳಿಗೆ 200 ಕಿಲೋ ಹೋಗ್ತಿದೆ. ಈಗ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಯೂನಿಟ್‌ನವರು ಬಂದು, ನಿಮ್ಮ ಹೆಸರಲ್ಲೇ ನಾವು ಮಾಡಿ ಪ್ಯಾಕ್ ಮಾಡಿ ಕೊಡ್ತೀವಿ, ಕಿಲೋಗೆ 310 ರೂಪಾಯಿ ಅಂದಿದ್ದಾರೆ. ಅಕ್ಕನ ಪ್ರಶ್ನೆ ಅವರ ಮಾತಲ್ಲೇ ಹೇಳ್ತೀನಿ: "ತಮ್ಮಾ, ಎಲ್ಲಾ ಹೊರಗ ಕೊಟ್ಟು ನಾ ಬರೇ ಆರ್ಡರ್ ನೋಡ್ಕೋತ ಕುಂತರ ಆಗೂದಿಲ್ಲೇನು?"

ಆಗಬಹುದು ಅಕ್ಕ. ಆದ್ರೆ ಮೊದಲು ಲೆಕ್ಕ ನೋಡೋಣ. ನಾನು ಬಿಕಾಂ ಓದಿದೋನು, ಲೆಕ್ಕ ಬಿಟ್ಟು ಮಾತಾಡೋಕೆ ಬರಲ್ಲ. ಕೇಳೋರಿಗೆ ಸುಲಭ ಆಗ್ಲಿ ಅಂತ ಅವರ ಅಂಕಿಗಳನ್ನ ಸ್ವಲ್ಪ ದುಂಡಗೆ ಮಾಡಿದ್ದೀನಿ.

ಒಂದು ಕಿಲೋಗೆ ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ, ಎಣ್ಣೆ, ಗ್ಯಾಸು, ಕವರು ಎಲ್ಲಾ ಸೇರಿ 240 ರೂಪಾಯಿ. ಕೂಲಿ 60. ಅಲ್ಲಿಗೆ 300. ಇದರ ಮೇಲೆ ರೂಮ್ ಬಾಡಿಗೆ ತಿಂಗಳಿಗೆ 8,000, ಗ್ರೈಂಡರ್ ಲೋನಿನ ಕಂತು 6,000, ಒಟ್ಟು 14,000. ಇದನ್ನ 200 ಕಿಲೋಗೆ ಹಂಚಿದ್ರೆ ಕಿಲೋಗೆ 70. ಅಂದ್ರೆ ಮನೇಲಿ ಮಾಡಿದ್ರೆ 370, ಹೊರಗೆ ಕೊಟ್ರೆ 310. ಕಿಲೋಗೆ 60 ರೂಪಾಯಿ ಉಳಿತಾಯ, ತಿಂಗಳಿಗೆ 12,000. ಯೂನಿಟ್‌ನವರು ಪೆನ್ನು ಹಿಡಿದು ತೋರಿಸಿದ್ದೂ ಇದೇ ಲೆಕ್ಕ.

ಈಗ ಕಾಸ್ಟಿಂಗ್ ಮೇಷ್ಟ್ರು ಬೋರ್ಡ್ ಮೇಲೆ ಬರೀತಿದ್ದ ಪ್ರಶ್ನೆ ಕೇಳೋಣ: ಹೊರಗೆ ಕೊಟ್ಟ ಮೇಲೆ ಯಾವ ಖರ್ಚು ನಿಜವಾಗ್ಲೂ ನಿಲ್ಲುತ್ತೆ? ರೂಮ್ ಬಿಡೋಕಾಗಲ್ಲ. ಸ್ಟಾಕ್ ಇಡೋಕೆ, ಪಾರ್ಸೆಲ್ ಕಟ್ಟೋಕೆ ಜಾಗ ಬೇಕೇ ಬೇಕು. ಲೋನಿನ ಕಂತು ಇನ್ನೂ ಒಂದೂವರೆ ವರ್ಷ ಇದೆ. ನಿಲ್ಲೋದು ಸಾಮಾನಿನ 240, ಕೂಲಿಯ 60, ಅಷ್ಟೇ. ಅಂದ್ರೆ ಉಳಿಯೋದು 300, ಕೊಡೋದು 310. ತಿಂಗಳಿಗೆ 12,000 ಉಳಿತಾಯ ಅಂತ ಕಂಡಿದ್ದು ನಿಜದಲ್ಲಿ 2,000 ರೂಪಾಯಿ ನಷ್ಟ. ಹಂಚಿದ ಖರ್ಚು ಬೇರೆ, ತಪ್ಪಿಸಬಹುದಾದ ಖರ್ಚು ಬೇರೆ. ಎಕ್ಸಾಮಲ್ಲಿ ಎಂಟು ಮಾರ್ಕ್ಸ್‌ಗೆ ಬರ್ತಿದ್ದ ಪ್ರಶ್ನೆ ಇದು, ಆಗ ನಾವೆಲ್ಲಾ ಬಾಯಿಪಾಠ ಹೊಡೆದು ಮರೆತ್ವಿ.

"ಗ್ರೈಂಡರ್ ಮಾರಿ ಲೋನ್ ತೀರಿಸಿಬಿಟ್ರೆ?" ಅಂತ ಕೇಳ್ತೀರಿ. ಒಳ್ಳೇ ಪ್ರಶ್ನೆ. ಮಾರಿದ ದುಡ್ಡಲ್ಲಿ ಪೂರ್ತಿ ಲೋನ್ ತೀರಿದ್ರೆ ಕಿಲೋಗೆ 30 ರೂಪಾಯಿ ಕಂತೂ ನಿಲ್ಲುತ್ತೆ. ಆಗ 330ಕ್ಕೆ ಎದುರು 310. ಕಿಲೋಗೆ 20 ರೂಪಾಯಿ ನಿಜವಾಗ್ಲೂ ಉಳೀತು. ಆದ್ರೆ ಗ್ರೈಂಡರೂ ಹೋಯ್ತು, ಆ ಇಬ್ಬರು ಹೆಣ್ಮಕ್ಕಳೂ ಬೇರೆ ಕಡೆ ಕೆಲಸ ಹಿಡಿದ್ರು. ಮುಂದಿನ ವರ್ಷ ಯೂನಿಟ್‌ನವರು 310ನ್ನ 360 ಮಾಡಿದ್ರೆ ಏನು ಹೇಳ್ತೀರಿ? ಬೇಡ ಅನ್ನೋ ಶಕ್ತಿ ಕೈಯಲ್ಲಿ ಉಳಿದಿರಲ್ಲ. ಆ 20 ರೂಪಾಯಿಗೆ ಏನನ್ನ ಮಾರ್ತಿದ್ದೀವಿ ಅನ್ನೋದು ರೇಟ್ ಕಾರ್ಡಲ್ಲಿ ಇರಲ್ಲ.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ, ಕಾಮೆಂಟಲ್ಲಿ ಬೈಯೋ ಮುಂಚೆ. ನಾನು ಔಟ್‌ಸೋರ್ಸಿಂಗ್ ವಿರೋಧಿ ಅಲ್ಲ. ಬೆಂಗಳೂರಲ್ಲಿ ಕೂತು ವಿರೋಧ ಮಾಡಿದ್ರೆ ನಗ್ತಾರೆ, ಇಲ್ಲಿನ ಎಷ್ಟೋ ಮನೆ ಇಎಂಐ ಕಟ್ಟೋದೇ ಬೇರೆ ದೇಶದ ಕಂಪನಿಗಳು ಹೊರಗೆ ಕೊಟ್ಟ ಕೆಲಸದಿಂದ. ಆದ್ರೆ ಇನ್ನೊಂದು ಬಗೆಯೂ ಇಲ್ಲೇ ಇದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಚಿಪ್ ವಿನ್ಯಾಸವನ್ನ ಇಲ್ಲಿನ ಯಾವ್ದೋ ಕಂಪನಿಗೆ ಗುತ್ತಿಗೆ ಕೊಡಲಿಲ್ಲ. ಇಲ್ಲೇ ತನ್ನದೇ ಸೆಂಟರ್ ತೆರೀತು, ತನ್ನದೇ ಎಂಜಿನಿಯರ್‌ಗಳನ್ನ ಇಟ್ಕೊಳ್ತು. ಕೆಲಸ ದೂರದ ಊರಿಗೆ ಬಂತು, ಕಂಪನಿಯಿಂದ ಆಚೆ ಹೋಗ್ಲಿಲ್ಲ. ಔಟರ್ ರಿಂಗ್ ರೋಡ್ ತುಂಬಾ ಇವತ್ತು ಜಿಸಿಸಿ ಅಂತ ಕರೆಯೋ ಆಫೀಸುಗಳಿವೆಯಲ್ಲ, ಅವೂ ಇದೇ ಜಾತಿ. ಖರ್ಚು ಕಮ್ಮಿ ಮಾಡೋಕೆ ಜಾಗ ಬದಲಿಸೋದು ಬೇರೆ, ಕೈ ಬದಲಿಸೋದು ಬೇರೆ.

ಕೈ ಬದಲಿಸಿ ಕೆಟ್ಟಿದ್ದಕ್ಕೆ ದೊಡ್ಡ ಉದಾಹರಣೆ ಬೋಯಿಂಗ್. ಅವರ 787 ಡ್ರೀಮ್‌ಲೈನರ್ ವಿಮಾನ ಗೊತ್ತಲ್ಲ. 2004ರಲ್ಲಿ ಯೋಜನೆ ಶುರುವಾದಾಗ ಹಿಂದೆಂದೂ ಇಲ್ಲದಷ್ಟು ಕೆಲಸ ಹೊರಗೆ ಕೊಟ್ರು. ರೆಕ್ಕೆ ಜಪಾನಿನಲ್ಲಿ, ಮೈಯ ಭಾಗಗಳು ಇಟಲಿಯಲ್ಲಿ, ಜಪಾನಿನಲ್ಲಿ, ಅಮೆರಿಕದ ಸೌತ್ ಕೆರೊಲಿನಾದಲ್ಲಿ. ಬರೀ ತಯಾರಿಕೆ ಅಲ್ಲ, ಎಷ್ಟೋ ಭಾಗಗಳ ವಿವರವಾದ ವಿನ್ಯಾಸವನ್ನೂ ಅವರಿಗೇ ಬಿಟ್ರು. ಬೋಯಿಂಗ್ ಕೊನೇಗೆ ಜೋಡಿಸಿದ್ರೆ ಸಾಕು ಅಂತ. 2007ರ ಜುಲೈನಲ್ಲಿ ಮೊದಲ ವಿಮಾನವನ್ನ ಪ್ರಪಂಚಕ್ಕೆ ತೋರಿಸಿದ್ರು. ಹೊರಗೆ ಥಳಥಳ, ಒಳಗೆ ಅರ್ಧಂಬರ್ಧ. ಎಷ್ಟೋ ಕಡೆ ತಾತ್ಕಾಲಿಕ ಬೋಲ್ಟ್ ಹಾಕಿ ನಿಲ್ಲಿಸಿದ್ರು. 2008ರಲ್ಲಿ ಕೊಡಬೇಕಿದ್ದ ಮೊದಲ ವಿಮಾನ ಜಪಾನಿನ ಎಎನ್‌ಎ ಕಂಪನಿಗೆ ಸಿಕ್ಕಿದ್ದು 2011ರ ಸೆಪ್ಟೆಂಬರಲ್ಲಿ. ಮಧ್ಯೆ 2009ರಲ್ಲಿ ಸೌತ್ ಕೆರೊಲಿನಾದ ಆ ಸಪ್ಲೈಯರ್ ಕಾರ್ಖಾನೆಯನ್ನೇ ಬೋಯಿಂಗ್ ದುಡ್ಡು ಕೊಟ್ಟು ಕೊಳ್ಳಬೇಕಾಯ್ತು.

ಇದರಲ್ಲಿ ನನಗೆ ಹೊಟ್ಟೆ ಉರಿಸೋ ವಿಷಯ ಏನಂದ್ರೆ, ಎಚ್ಚರಿಕೆ ಮೊದಲೇ ಬಂದಿತ್ತು. ಹಾರ್ಟ್-ಸ್ಮಿತ್ ಅಂತ ಬೋಯಿಂಗಿನದೇ ಎಂಜಿನಿಯರ್, 2001ರಲ್ಲೇ ಒಂದು ಲೇಖನ ಬರೆದು ಕಂಪನಿಯೊಳಗೆ ಮಂಡಿಸಿದ್ರು. ಅವರ ವಾದದ ಸಾರ: ಕೆಲಸ ಹೊರಗೆ ಹೋದ್ರೆ ಅದರ ಜೊತೆ ಲಾಭವೂ ಹೊರಗೆ ಹೋಗುತ್ತೆ. ನಿಮ್ಮ ಸಪ್ಲೈಯರ್‌ಗಳಲ್ಲಿ ಅತ್ಯಂತ ದುರ್ಬಲ ಯಾರೋ, ಅವರಿಗಿಂತ ಚೆನ್ನಾಗಿ ನೀವು ಕೆಲಸ ಮಾಡೋಕಾಗಲ್ಲ. ಮತ್ತೆ, ಹೊರಗಿನವರ ಕೆಲಸ ನೋಡ್ಕೊಳ್ಳೋಕೆ, ತಿದ್ದೋಕೆ ಬೇಕಾದ ಖರ್ಚನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

2005ರಲ್ಲಿ ಬೋಯಿಂಗ್ ವಿಚಿಟಾದ ತನ್ನ ದೊಡ್ಡ ಕಾರ್ಖಾನೆಯನ್ನೂ ಮಾರಿತ್ತು. ಅದೇ ಸ್ಪಿರಿಟ್ ಏರೋಸಿಸ್ಟಮ್ಸ್ ಆಯ್ತು. ಗುಣಮಟ್ಟದ ತಕರಾರು ಬೆಳೆದು ಬೆಳೆದು, 2024ರಲ್ಲಿ ಅದನ್ನ ವಾಪಸ್ ಕೊಳ್ತೀವಿ ಅಂತ ಬೋಯಿಂಗ್ ಪ್ರಕಟಿಸಿತು. ಸುಮಾರು ಇಪ್ಪತ್ತು ವರ್ಷದ ಮೇಲೆ.

ವಿಮಾನ ದೂರದ ಮಾತಾಯ್ತು ಅನ್ನೋರಿಗೆ, ನಮ್ಮ ಪಕ್ಕದ ಕೋಲಾರಕ್ಕೆ ಬರೋಣ. 2020ರ ಡಿಸೆಂಬರ್ 12, ನರಸಾಪುರ. ತೈವಾನಿನ ವಿಸ್ಟ್ರಾನ್ ಕಂಪನಿಯ ಐಫೋನ್ ಜೋಡಿಸೋ ಕಾರ್ಖಾನೆ. ಬೆಳಗ್ಗೆ ಗಲಾಟೆ ಎದ್ದು ಗಾಜು ಪುಡಿಪುಡಿ, ವಾಹನಗಳಿಗೆ ಬೆಂಕಿ. ಮೊಬೈಲಲ್ಲಿ ಆ ವಿಡಿಯೋ ನೋಡಿರ್ತೀರಿ. ಕಲ್ಲು ಹೊಡೆದಿದ್ದು ಸರಿ ಅಂತ ನಾನು ಹೇಳ್ತಿಲ್ಲ. ಆದ್ರೆ ಕೆಲಸಗಾರರ ದೂರು ಏನಿತ್ತು? ಹೇಳಿದ ಸಂಬಳ ಬರ್ತಿಲ್ಲ, ಓವರ್‌ಟೈಮ್ ದುಡ್ಡು ಸರಿಯಾಗಿ ಸಿಗ್ತಿಲ್ಲ.

ಅಲ್ಲಿನ ಸರಪಳಿ ನೋಡಿ. ಫೋನ್ ಆಪಲ್‌ದು. ಆಪಲ್ ಜೋಡಿಸೋ ಕೆಲಸ ವಿಸ್ಟ್ರಾನ್‌ಗೆ ಕೊಡ್ತು. ವಿಸ್ಟ್ರಾನ್ ಬಹಳಷ್ಟು ಜನರನ್ನ ಏಜೆನ್ಸಿಗಳ ಮೂಲಕ ತಗೊಂಡಿತ್ತು. ಕಾರ್ಖಾನೆ ಕೆಲವೇ ತಿಂಗಳಲ್ಲಿ ಭರ್ರನೆ ಬೆಳೀತು. ಇಂಥ ಏರ್ಪಾಟಲ್ಲಿ ಸಾಮಾನ್ಯವಾಗಿ ಆಗೋದೇ ಇದು: ಸಂಬಳ ಕೇಳಿದ್ರೆ ಕಂಪನಿ ಏಜೆನ್ಸಿ ಕಡೆ ಕೈ ತೋರಿಸುತ್ತೆ, ಏಜೆನ್ಸಿಯವರು ಅಟೆಂಡೆನ್ಸ್ ಲಿಸ್ಟ್ ಬಂದಿಲ್ಲ ಅಂತಾರೆ, ಹುಡುಗರು ಗೇಟಲ್ಲಿ ನಿಂತಿರ್ತಾರೆ. ಆಮೇಲೆ ಆಪಲ್ ನಡೆಸಿದ ವಿಚಾರಣೆಯಲ್ಲೂ ಬಂದಿದ್ದು ಇದಕ್ಕೆ ಹತ್ತಿರದ ಮಾತೇ. ಕೆಲಸದ ಅವಧಿ ನಿರ್ವಹಿಸೋ ವ್ಯವಸ್ಥೆ ಸರಿ ಇರಲಿಲ್ಲ, ಅಕ್ಟೋಬರ್, ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಗಿತ್ತು. ವಿಸ್ಟ್ರಾನ್ ಕ್ಷಮೆ ಕೇಳ್ತು, ಭಾರತದ ವ್ಯವಹಾರ ನೋಡ್ತಿದ್ದ ವೈಸ್ ಪ್ರೆಸಿಡೆಂಟನ್ನ ತೆಗೀತು. ಸರಿ ಮಾಡೋ ತನಕ ಹೊಸ ಆರ್ಡರ್ ಇಲ್ಲ ಅಂತ ಆಪಲ್ ಹೇಳ್ತು. 2023ರಲ್ಲಿ ಆ ಕಾರ್ಖಾನೆಯನ್ನ ಟಾಟಾದವರು ಕೊಂಡ್ಕೊಂಡ್ರು.

ಸಂಬಳದ ಲೆಕ್ಕ ಹಾಕೋ ಸಾಫ್ಟ್‌ವೇರ್ ಹೊರಗಿನದಾಗಿರ್ಲಿ, ತೊಂದರೆ ಇಲ್ಲ. ಆದ್ರೆ ಈ ತಿಂಗಳು ಯಾರಿಗೆ ಬಂತು, ಯಾರಿಗೆ ಬಂದಿಲ್ಲ ಅನ್ನೋದು ಮಾಲೀಕನ ಟೇಬಲ್ ಮೇಲೇ ಇರಬೇಕು. ಕಾನೂನೂ ಅದನ್ನೇ ಹೇಳುತ್ತೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ಗುತ್ತಿಗೆದಾರ ಕೂಲಿ ಕೊಡದಿದ್ರೆ ಮೂಲ ಮಾಲೀಕನೇ ಕೊಡಬೇಕಿತ್ತು. 2020ರ ಹೊಸ ಸಂಹಿತೆಯಲ್ಲೂ ಆ ತತ್ವ ಉಳಿದಿದೆ. ಕೆಲಸ ಹೊರಗೆ ಹೋಗುತ್ತೆ, ಜವಾಬ್ದಾರಿ ಹೋಗಲ್ಲ.

ಹಾಗಾದ್ರೆ ಗೆರೆ ಎಲ್ಲಿ ಎಳೆಯೋದು? ಸ್ಟಾರ್ಟಪ್ ಭಾಷಣಗಳಲ್ಲಿ "ಕೋರ್ ನೀವು ಇಟ್ಕೊಳ್ಳಿ, ಮಿಕ್ಕಿದ್ದು ಹೊರಗೆ ಕೊಡಿ" ಅಂತಾರೆ. ಕೇಳೋಕೆ ಚಂದ. ಯಾವುದು ಕೋರ್ ಅಂತ ಮಾತ್ರ ಯಾರೂ ಹೇಳಲ್ಲ. ನನಗೆ ಕಂಡ ಹಾಗೆ ಇದನ್ನ ಚೆನ್ನಾಗಿ ಬರೆದಿರೋದು ರಿಸರ್ವ್ ಬ್ಯಾಂಕು. 2006ರಲ್ಲಿ ಬ್ಯಾಂಕುಗಳಿಗೆ ಔಟ್‌ಸೋರ್ಸಿಂಗ್ ಮಾರ್ಗಸೂಚಿ ಹೊರಡಿಸಿದ್ರು. ಹೊರಗೆ ಕೊಡಬಾರದ್ದು ಯಾವುದು ಅಂತ ಸೀದಾ ಹೇಳಿದ್ರು: ಆಂತರಿಕ ಆಡಿಟ್, ನಿಯಮ ಪಾಲನೆ ನೋಡೋ ಕೆಲಸ, ಖಾತೆ ತೆರೆಯುವಾಗ ಕೆವೈಸಿ ಸರಿ ಇದೆಯಾ ಅನ್ನೋ ತೀರ್ಮಾನ, ಸಾಲ ಮಂಜೂರು ಮಾಡೋ ತೀರ್ಮಾನ. ಗಮನಿಸಿ, ಅರ್ಜಿ ತಗೊಂಡು ಬರೋಕೆ ಏಜೆಂಟ್ ಇರಬಹುದು. ವಸೂಲಿಗೂ ಏಜೆಂಟ್ ಇರಬಹುದು, ಆದ್ರೆ ಅವನು ಗ್ರಾಹಕನ ಹತ್ರ ಹೇಗೆ ನಡ್ಕೊಂಡ ಅನ್ನೋದಕ್ಕೆ ಬ್ಯಾಂಕೇ ಹೊಣೆ. ಓಡಾಡೋ ಕೆಲಸ ಹೊರಗೆ, ಹೌದು-ಇಲ್ಲ ಅನ್ನೋ ಕೆಲಸ ಒಳಗೆ.

ಇದನ್ನ ಚಟ್ನಿಪುಡಿಗೆ ಹಾಕಿ ನೋಡಿ. ಅಕ್ಕ, ನಿಮ್ಮ ಶೇಂಗಾ ಯಾವ ಹದಕ್ಕೆ ಹುರಿದ್ರೆ ಸಾಕು ಅನ್ನೋದನ್ನ ನೀವು ಮೂಗಲ್ಲಿ ತೀರ್ಮಾನ ಮಾಡ್ತೀರಿ. ಮಳೆಗಾಲದಲ್ಲಿ ತೇವ ಎಳೆದ ಶೇಂಗಾ ಬಂದ್ರೆ ವಾಪಸ್ ಕಳಿಸ್ತೀರಿ. ಹಳೇ ಶೇಂಗಾ ಹಾಕಿದ್ರೆ ಒಂದು ತಿಂಗಳಿಗೇ ಪುಡಿಗೆ ಕಮಟು ವಾಸನೆ ಬರುತ್ತೆ ಅಂತ ನಿಮಗೆ ಗೊತ್ತು. ಯೂನಿಟ್‌ನವರಿಗೂ ಗೊತ್ತಿರುತ್ತೆ, ಆದ್ರೆ ಆ ದಿನ ಲಾರಿ ಬಂದಾಗಿದೆ, 310ರಲ್ಲಿ ಅವರೂ ಲಾಭ ನೋಡಬೇಕು. ಬಳ್ಳಾರಿಯಲ್ಲಿರೋ ಗ್ರಾಹಕರು "ಈ ಸಲ ಖಾರ ಜಾಸ್ತಿ ಆಯ್ತು" ಅಂತ ವಾಟ್ಸಾಪ್ ಮಾಡಿದ್ರೆ ಇವತ್ತು ನೀವು ನಾಳೆಯ ಬಾಣಲೆಯಲ್ಲಿ ಸರಿ ಮಾಡ್ತೀರಿ. ಹೊರಗೆ ಕೊಟ್ಟ ಮೇಲೆ ಅದೇ ಮಾತು ಮುಂದಿನ ಬ್ಯಾಚ್‌ಗೆ, ಅದರ ಮುಂದಿನ ಬ್ಯಾಚ್‌ಗೆ ಹೋಗುತ್ತೆ. ಪ್ಯಾಕೆಟ್ ಮೇಲೆ ಹೆಸರು ನಿಮ್ಮದೇ ಇರುತ್ತೆ.

ಹಾಗಾಗಿ ಖರೀದಿ, ಹುರಿಯೋದು, ಮಿಶ್ರಣ, ಗ್ರಾಹಕರ ಮೆಸೇಜ್ ನಿಮ್ಮ ಹತ್ರಾನೇ ಇರ್ಲಿ. ಬೆಳ್ಳುಳ್ಳಿ ಸಿಪ್ಪೆ ಬಿಡಿಸೋದು, ಲೇಬಲ್ ಪ್ರಿಂಟು, ಕೊರಿಯರು, ಫೋಟೋಶೂಟು, ಇವನ್ನ ಧಾರಾಳವಾಗಿ ಹೊರಗೆ ಕೊಡಿ. ಕೊರಿಯರ್ ಚೆನ್ನಾಗಿಲ್ಲ ಅಂದ್ರೆ ಸೋಮವಾರ ಬೇರೆ ಕೊರಿಯರ್. ಜಿಎಸ್‌ಟಿ ರಿಟರ್ನ್ ಅಕೌಂಟೆಂಟ್ ಹಾಕ್ಲಿ, ಆದ್ರೆ ಲಾಗಿನ್‌ಗೆ ಲಿಂಕ್ ಆಗಿರೋ ಮೊಬೈಲ್ ನಂಬರ್, ಇಮೇಲ್ ನಿಮ್ಮದೇ ಆಗಿರ್ಲಿ. ನೋಟಿಸ್ ಬರೋದು ಅಕೌಂಟೆಂಟ್ ಹೆಸರಿಗಲ್ಲ. ಗ್ರಾಹಕರ ನಂಬರ್‌ಗಳ ಲಿಸ್ಟನ್ನ ಮಾರ್ಕೆಟಿಂಗ್ ಮಾಡೋ ಹುಡುಗರಿಗೆ ಕೊಡುವಾಗಲೂ ಹುಷಾರು. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ, ನಿಮ್ಮ ಪರವಾಗಿ ಬೇರೆಯವರು ಆ ಡೇಟಾ ಬಳಸಿದ್ರೂ ಹೊಣೆ ನಿಮ್ಮದೇ.

"ಹಬ್ಬದ ಟೈಮಲ್ಲಿ 500 ಕಿಲೋ ಆರ್ಡರ್ ಬಂದ್ರೆ?" ಅಂತ ಅಕ್ಕ ಕೊನೇಲಿ ಕೇಳಿದ್ದಾರೆ. ಆವಾಗ ಯೂನಿಟ್‌ಗೆ ಕೊಡಿ, ಆದ್ರೆ ಹುರಿದ ಶೇಂಗಾ ನೀವೇ ಕಳಿಸಿ, ಅವರು ಪುಡಿ ಮಾಡಿ ಪ್ಯಾಕ್ ಮಾಡ್ಲಿ. ಅದಕ್ಕೆ ಬೇರೆ ರೇಟ್ ಮಾತಾಡಿ. ಕಾಗದದ ಮೇಲೆ ಮೂರು ವಿಷಯ ಬರೆಸ್ಕೊಳ್ಳಿ: ಮಿಶ್ರಣದ ಅಳತೆ ಬೇರೆ ಯಾರಿಗೂ ಬಳಸೋ ಹಾಗಿಲ್ಲ, ಪ್ರತಿ ಬ್ಯಾಚ್‌ನ ಸ್ಯಾಂಪಲ್ ನಿಮಗೆ ಮೊದಲು ಬರಬೇಕು, ಬೇಡ ಅಂದ್ರೆ ಒಂದು ತಿಂಗಳ ನೋಟಿಸ್‌ನಲ್ಲಿ ಬಿಡಬಹುದು. ಮೂರನೇದಕ್ಕೆ ಅವರು ಒಪ್ಪದೇ ಇದ್ರೆ ಮಾತು ಅಲ್ಲಿಗೇ ನಿಲ್ಲಿಸಿ.

ಮತ್ತೆ ಆ ಗ್ರೈಂಡರ್ ಮಾರ್ಬೇಡಿ.

ಮುಂದಿನ ವಾರ ಇನ್ನೊಬ್ಬ ಕೇಳುಗರ ಪ್ರಶ್ನೆ ಇದೆ: ಪಾರ್ಟ್ನರ್‌ಶಿಪ್ ಡೀಡ್ ಇಲ್ಲದೇ ಸ್ನೇಹಿತನ ಜೊತೆ ಅಂಗಡಿ ಶುರು ಮಾಡಿದ್ದಾರಂತೆ, ಈಗ ಇಬ್ರೂ ಮಾತಾಡ್ತಿಲ್ಲ. ನಿಮ್ಮ ಲೆಕ್ಕನೂ ಕಳಿಸಿ, ಅಂಕಿ ಸಮೇತ. ಸಿಗೋಣ.