'ನೊ ಪಾಸಾ ನಾದಾ' ಅಂದುಬಿಟ್ಟೆ: ಸ್ಪ್ಯಾನಿಷ್‌ನಲ್ಲಿ ಸಮಾಧಾನ ಹೇಳೋದು

ಸ್ಪ್ಯಾನಿಷ್ ಕಲಿಯೋಕೆ ಹೊರಟವರು ಮೊದಲು ಕೇಳೋದು ಊಟ ಹೇಗೆ ಆರ್ಡರ್ ಮಾಡೋದು, ದಾರಿ ಹೇಗೆ ಕೇಳೋದು ಅಂತ. ನಾನೂ ಅದನ್ನೇ ಕಲಿತು ಮೆಕ್ಸಿಕೊ ಸಿಟಿಗೆ ಹೋದವನು. ಎದುರಿಗಿರೋರು ಅಳ್ತಾ ಇದ್ದಾಗ ಏನು ಹೇಳಬೇಕು ಅನ್ನೋದನ್ನ ಯಾವ ಆ್ಯಪ್ಪೂ ನನಗೆ ಹೇಳಿಕೊಟ್ಟಿರಲಿಲ್ಲ. ಇವತ್ತು ಅದರ ಬಗ್ಗೆ ಮಾತಾಡ್ತೀನಿ.

2017ರ ಸೆಪ್ಟೆಂಬರ್ 19. ಮಂಗಳವಾರ. ನೆಗಡಿ ಅಂತ ಮನೆಯಿಂದಲೇ ಕೆಲಸ ಮಾಡ್ತಿದ್ದೆ. ಬೆಳಿಗ್ಗೆ 11ಕ್ಕೆ ಇಡೀ ಊರಲ್ಲಿ ಸೈರನ್ ಕೂಗಿತು. ಅದು ಡ್ರಿಲ್. 1985ರಲ್ಲಿ ಅದೇ ದಿನ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಭೂಕಂಪದ ನೆನಪಿಗೆ ಪ್ರತಿವರ್ಷ ನಡೆಯುತ್ತೆ. ಎಲ್ಲರೂ ಇಳಿದು ಬೀದಿಯಲ್ಲಿ ನಿಂತು, ಹರಟಿ, ಮತ್ತೆ ಮೇಲೆ ಹೋದೆವು. ಮಧ್ಯಾಹ್ನ 1 ಗಂಟೆ 14 ನಿಮಿಷಕ್ಕೆ ನಿಜವಾದ ಭೂಕಂಪ ಬಂತು, 7.1 ತೀವ್ರತೆಯದ್ದು. ಕೇಂದ್ರ ಹತ್ತಿರದಲ್ಲೇ ಇದ್ದದ್ದರಿಂದ ಸೈರನ್ ಕೂಗೋ ಹೊತ್ತಿಗೆ ನೆಲ ಆಗಲೇ ಅಲ್ಲಾಡ್ತಿತ್ತು.

ನಾನಿದ್ದದ್ದು ನಾರ್ವಾರ್ತೆ ಅನ್ನೋ ಬಡಾವಣೆ, ನಾಲ್ಕನೇ ಮಹಡಿ. ಹೇಗೆ ಕೆಳಗೆ ಬಂದೆ ಅಂತ ಇವತ್ತಿಗೂ ಸರಿಯಾಗಿ ನೆನಪಿಲ್ಲ. ಬರಿಗಾಲು. ಕೈ ನಡುಗ್ತಿತ್ತು. ಕೆಳಗಿನ ಮನೆಯ ಸೆನ್ಯೋರಾ, ಎಪ್ಪತ್ತರ ಹತ್ತಿರದ ಹೆಂಗಸು, ಬಂದು ನನ್ನ ಮಣಿಕಟ್ಟು ಹಿಡಿದು, "ಯಾ ಪಾಸೊ, ಹೋವೆನ್, ಯಾ ಪಾಸೊ. ತ್ರಾಂಕಿಲೊ" ಅಂದ್ರು. 'ಆಗಿಹೋಯ್ತು, ಹುಡುಗಾ, ಮುಗೀತು. ಸಮಾಧಾನ.' ಆಮೇಲೆ ಒಳಗಿಂದ ಒಂದು ಬೊಲಿಯೊ ತಂದು ಕೈಗಿಟ್ಟರು. ಬೊಲಿಯೊ ಅಂದರೆ ಅಲ್ಲಿನ ಸಾಮಾನ್ಯ ಬನ್ನು. ಹೆದರಿದವರಿಗೆ ಬೊಲಿಯೊ ತಿನ್ನಿಸೋದು ಮೆಕ್ಸಿಕೊದಲ್ಲಿ ಹಳೆಯ ರೂಢಿ, ನಮ್ಮಲ್ಲಿ ಬೆಚ್ಚಿಬಿದ್ದ ಮಗುವಿಗೆ ನೀರು ಕುಡಿಸಿ ದೃಷ್ಟಿ ತೆಗೆಯೋ ಹಾಗೆ. ಹೊಟ್ಟೆಯಲ್ಲಿ ಏನು ಮಾಡುತ್ತೋ ಗೊತ್ತಿಲ್ಲ, ಜಗಿಯೋಕೆ ಶುರು ಮಾಡಿದ ಮೇಲೆ ಕೈ ನಡುಗೋದು ನಿಂತಿತು.

ಆ 'ತ್ರಾಂಕಿಲೊ' ಅನ್ನೋ ಪದವನ್ನ ಸ್ವಲ್ಪ ನೋಡೋಣ. ಅದು ಕ್ರಿಯಾಪದ ಅಲ್ಲ, ವಿಶೇಷಣ. ಗಂಡಸಿಗೆ ತ್ರಾಂಕಿಲೊ, ಹೆಂಗಸಿಗೆ ತ್ರಾಂಕಿಲಾ. 'ಶಾಂತವಾಗು' ಅಂತ ಆಜ್ಞೆ ಮಾಡೋಕೆ ಬೇರೆ ಪದ ಇದೆ, 'ಕಾಲ್ಮಾತೆ'. ಅಳ್ತಾ ಇರೋರಿಗೆ ಕಾಲ್ಮಾತೆ ಅಂದು ನೋಡಿ, ಇನ್ನೊಂಚೂರು ಜಾಸ್ತಿ ಅಳ್ತಾರೆ, ಇಲ್ಲಾ ಬೈತಾರೆ. ಕನ್ನಡದಲ್ಲೂ ಹಾಗೇ ಅಲ್ವಾ? ಬೆನ್ನು ಸವರ್ತಾ 'ಸಮಾಧಾನ, ಸಮಾಧಾನ' ಅನ್ನೋದೇ ಬೇರೆ, 'ಸುಮ್ನಿರು' ಅನ್ನೋದೇ ಬೇರೆ.

ಆ ವಾರ ಊರಲ್ಲಿ ನೋಡಿದ್ದನ್ನ ಹೇಳೋಕೆ ಇನ್ನೊಂದು ಕಂತೇ ಬೇಕು. ಕುಸಿದ ಕಟ್ಟಡಗಳ ಮುಂದೆ ರಕ್ಷಣೆ ಮಾಡ್ತಿದ್ದವರಲ್ಲಿ ಒಬ್ಬರು ಮುಷ್ಟಿ ಎತ್ತಿದ ಕೂಡಲೇ ಇಡೀ ಬೀದಿ ಮೌನವಾಗೋದು, ಅವಶೇಷದ ಕೆಳಗಿಂದ ಯಾರಾದರೂ ಕೂಗ್ತಿದ್ದಾರಾ ಅಂತ ಕೇಳಿಸಿಕೊಳ್ಳೋಕೆ. ದೇಶದಲ್ಲಿ 300ಕ್ಕೂ ಹೆಚ್ಚು ಜನ ಹೋದರು.

ಈಗ ನನ್ನ ತಪ್ಪಿಗೆ ಬರ್ತೀನಿ. ಮುಂದಿನ ಜನವರಿಯಲ್ಲಿ ಒಂದು ಸಂಜೆ ಮೆಟ್ಟಿಲ ಹತ್ತಿರ ಸೆನ್ಯೋರಾ ಸಿಕ್ಕಿದರು. ಕಣ್ಣು ಕೆಂಪಗಿತ್ತು. ಏನಾಯ್ತು ಅಂದೆ. ಅಣ್ಣ ತೀರಿಹೋದ ಅಂದ್ರು. ನನಗೆ ಗಾಬರಿ. ಏನಾದರೂ ಹೇಳಲೇಬೇಕು ಅನ್ನಿಸ್ತು. ಬಾಯಲ್ಲಿ ಬಂದದ್ದು: "ನೊ ಸೆ ಪ್ರೆಒಕುಪೆ, ಸೆನ್ಯೋರಾ. ನೊ ಪಾಸಾ ನಾದಾ."

ಚಿಂತೆ ಮಾಡಬೇಡಿ, ಏನೂ ಆಗಲ್ಲ.

ನಾನು ಕನ್ನಡದಲ್ಲಿ ಯೋಚಿಸಿದ್ದೆ. ನಮ್ಮಮ್ಮ ಎಲ್ಲದಕ್ಕೂ 'ಏನೂ ಆಗಲ್ಲ ಬಿಡು' ಅಂತಿದ್ದರು, ಪರೀಕ್ಷೆಗೂ, ಜ್ವರಕ್ಕೂ. ಆಫೀಸಿನಲ್ಲಿ ಯಾರಾದರೂ ತಡವಾಗಿ ಬಂದು ಕ್ಷಮೆ ಕೇಳಿದಾಗಲೂ 'ನೊ ಪಾಸಾ ನಾದಾ' ಅನ್ನೋದು ಕೇಳಿ ಕೇಳಿ ರೂಢಿಯಾಗಿತ್ತು. ಪರವಾಗಿಲ್ಲ, ತೊಂದರೆ ಇಲ್ಲ ಅನ್ನೋ ಅರ್ಥದಲ್ಲಿ ಅದು ಒಳ್ಳೆಯ ಮಾತೇ. ಆದರೆ ಅಕ್ಷರಶಃ ನೋಡಿದರೆ 'ಏನೂ ಆಗ್ತಿಲ್ಲ'. ಅಣ್ಣನನ್ನ ಕಳೆದುಕೊಂಡವರಿಗೆ ನಾನು ಏನೂ ಆಗಿಲ್ಲ ಅಂದಿದ್ದೆ.

ಅವರು ಕೋಪ ಮಾಡಿಕೊಳ್ಳಲಿಲ್ಲ. ನನ್ನ ಮುಖ ನೋಡಿ ಮೆಲ್ಲಗೆ, "ಸೀ ಪಾಸಾ, ಹೋವೆನ್. ಸೀ ಪಾಸಾ" ಅಂದು ಬಾಗಿಲು ಹಾಕಿಕೊಂಡರು. ಆಗುತ್ತೆ, ಹುಡುಗಾ. ಆಗುತ್ತೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿಗೆ ಹೇಳಿಕೊಂಡೆ. ಅವನು ನಗಲಿಲ್ಲ, ಕಾಗದದ ಮೇಲೆ ಬರೆದುಕೊಟ್ಟ. ಮೊದಲನೆಯದು 'ಲೊ ಸಿಯೆಂತೊ ಮೂಚೊ'. ಸಾರಿ ಅಂತ ನಾವು ಕಲಿಯೋದು ಇದನ್ನೇ, ಆದರೆ ಮಾತಿನ ಒಳಗಿರೋದು 'ಅದನ್ನ ನಾನು ಅನುಭವಿಸ್ತಿದ್ದೀನಿ' ಅಂತ. ಮೆಟ್ರೊದಲ್ಲಿ ಯಾರದಾದರೂ ಕಾಲು ತುಳಿದರೆ 'ಪೆರ್ದೊನ್' ಸಾಕು, ಲೊ ಸಿಯೆಂತೊ ಅಲ್ಲಿಗೆ ಕೊಂಚ ಭಾರ. ಎರಡನೆಯದು ಸಾವಿಗೇ ಮೀಸಲು: 'ಮಿ ಮಾಸ್ ಸೆಂತಿದೊ ಪೆಸಾಮೆ'. ಪೆಸಾಮೆ ಅನ್ನೋ ನಾಮಪದ ಹುಟ್ಟಿದ್ದೇ 'ನನಗೆ ಭಾರವಾಗುತ್ತೆ' ಅನ್ನೋ ಮಾತಿಂದ. ಮೂರನೆಯದು, 'ಲಾ ಅಕೊಂಪಾನ್ಯೊ ಎನ್ ಸು ದೊಲೊರ್'. ನಿಮ್ಮ ನೋವಿನಲ್ಲಿ ನಿಮ್ಮ ಜೊತೆಗಿದ್ದೀನಿ. ಸ್ಪೇನ್‌ನಲ್ಲಾದರೆ 'ತೆ ಅಕೊಂಪಾನ್ಯೊ ಎನ್ ಎಲ್ ಸೆಂತಿಮಿಯೆಂತೊ' ಅನ್ನೋದು ಹೆಚ್ಚು. ವಯಸ್ಸಾದವರಿಗೆ 'ತೆ' ಬೇಡ, 'ಲಾ' ಅನ್ನು ಅಂತ ಅಡಿಗೆರೆ ಹಾಕಿಕೊಟ್ಟ. ನೀನು-ನೀವು ಇರೋ ನಮಗೆ ಅದು ಬೇಗ ಅರ್ಥವಾಗುತ್ತೆ.

ಇನ್ನೊಂದು ವಿಷಯ ಕನ್ನಡದವರಿಗೆ ಸುಲಭ. 'ನನಗೆ ನೋವಾಗುತ್ತೆ' ಅಂತ ನಾವು ಚತುರ್ಥಿಯಲ್ಲಿ ಹೇಳ್ತೀವಲ್ಲ, ಸ್ಪ್ಯಾನಿಷ್‌ನಲ್ಲೂ ಹಾಗೇ: 'ಮೆ ದ್ವೆಲೆ'. 'ನಿಮಗೆ ನೋಯುತ್ತಾ' ಅನ್ನೋದು 'ಲೆ ದ್ವೆಲೆ'. ಇಂಗ್ಲಿಷ್ ಮೂಲಕ ಕಲಿಯೋಕೆ ಹೋಗಿ ನಾನು ಆರು ತಿಂಗಳು ಒದ್ದಾಡಿದ್ದೆ. ನೇರವಾಗಿ ಕನ್ನಡದಿಂದ ಹೋಗಿದ್ದರೆ ಎರಡು ದಿನದ ಕೆಲಸ.

ಎಚ್ಚರಿಕೆಯಿಂದ ಬಳಸಬೇಕಾದ ಮಾತುಗಳೂ ಇವೆ. 'ನಿ ಮೊದೊ' ಅಂದರೆ ಮೆಕ್ಸಿಕೊದಲ್ಲಿ 'ಏನ್ ಮಾಡೋಕಾಗುತ್ತೆ'. ಬಸ್ ತಪ್ಪಿದರೆ ಸರಿ. ದುಃಖದಲ್ಲಿರೋರು ತಾವೇ ಅಂದುಕೊಳ್ಳಬಹುದು, ನಾವು ಅವರಿಗೆ ಅನ್ನಬಾರದು. 'ಏಚಲೆ ಗಾನಾಸ್', ಅಂದರೆ ಮನಸ್ಸು ಮಾಡು, ಜೋರು ಹಾಕು ಅನ್ನೋ ಥರದ್ದು. ಓದೋ ಹುಡುಗರಿಗೆ ಚೆನ್ನ. ಖಿನ್ನತೆಯಲ್ಲಿ ಹಾಸಿಗೆಯಿಂದ ಏಳೋಕಾಗದವರಿಗೆ ಅದನ್ನ ಹೇಳೋದು ನನ್ನ ಪ್ರಕಾರ ಕ್ರೌರ್ಯ, ಒಳ್ಳೆಯ ಮನಸ್ಸಿನಿಂದ ಹೇಳಿದರೂ. 'ಕ್ವೆಂತೆ ಕೊನ್‌ಮಿಗೊ' ಮಾತ್ರ ನನಗೆ ತುಂಬ ಇಷ್ಟ. ನನ್ನನ್ನೂ ಲೆಕ್ಕಕ್ಕೆ ಹಿಡೀರಿ ಅಂತ. ಆದರೆ ಹೇಳಿದ ಮೇಲೆ ಅವರು ರಾತ್ರಿ ಎರಡಕ್ಕೆ ಬಾಗಿಲು ತಟ್ಟಿದರೂ ಏಳಬೇಕು.

ಹಾಂ, ಅವರ ಹೆಸರುಗಳನ್ನೇ ನೋಡಿ: ಕೊನ್ಸ್ವೆಲೊ ಅಂದರೆ ಸಾಂತ್ವನ, ದೊಲೊರೆಸ್ ಅಂದರೆ ನೋವುಗಳು. ಎರಡೂ ಮೇರಿಮಾತೆಯ ಬಿರುದಿನಿಂದ ಬಂದ ಹೆಣ್ಣುಮಕ್ಕಳ ಹೆಸರು. ನಮ್ಮಲ್ಲಿ ಶಾಂತಾ, ಕರುಣಾ ಇದ್ದಾರೆ, ನೋವು ಅಂತ ಯಾರೂ ಹೆಸರಿಡಲ್ಲ.

ಎರಡನೇ ದಿನ ಸಂಜೆ ಅವರ ಮನೆಗೆ ಹೋದೆ. ಪ್ರಾರ್ಥನೆ ನಡೀತಿತ್ತು. ಅಲ್ಲಿ ಒಂಬತ್ತು ದಿನ ಜಪಮಾಲೆ ಹಿಡಿದು ಪ್ರಾರ್ಥಿಸ್ತಾರೆ, ಬಂದವರಿಗೆಲ್ಲ ಕಾಫಿ, ಸಿಹಿ ಬ್ರೆಡ್. ಕಾಗದದಲ್ಲಿ ಬರೆದದ್ದನ್ನ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಬಾಗಿಲಲ್ಲಿ ಅವರನ್ನ ನೋಡಿದ ಕೂಡಲೇ ಅರ್ಧ ಮರೆತುಹೋಯ್ತು. "ಲಾ ಅಕೊಂಪಾನ್ಯೊ, ಸೆನ್ಯೋರಾ" ಅಂದೆ, ಅಷ್ಟೇ. ಅವರು ಕುರ್ಚಿ ತೋರಿಸಿದರು. ಕೂತೆ. ಒಂದೂವರೆ ಗಂಟೆ ಕೂತಿದ್ದೆ. ನಮ್ಮೂರಲ್ಲಿ ಸಾವಿನ ಮನೆಗೆ ಹೋಗೋದಕ್ಕೆ 'ಮಾತಾಡಿಸ್ಕೊಂಡು ಬರ್ತೀನಿ' ಅಂತಾರೆ. ಹೋದವರು ಮಾತಾಡೋದೇ ಕಮ್ಮಿ, ಮೂಲೆಯಲ್ಲಿ ಕೂತು ಎದ್ದು ಬರ್ತಾರೆ. ಚಿಕ್ಕವನಿದ್ದಾಗ ಅದು ವಿಚಿತ್ರ ಅನ್ನಿಸ್ತಿತ್ತು. ಹೊರಡುವಾಗ ಸೆನ್ಯೋರಾ ನನ್ನನ್ನ ಅಪ್ಪಿಕೊಂಡು, ಬ್ರೆಡ್ಡಿನ ಒಂದು ಪೊಟ್ಟಣ ಕೈಗಿಟ್ಟರು. ಮೆಟ್ಟಿಲ ಹತ್ತಿರದ ಮಾತನ್ನ ಇಬ್ಬರೂ ಮತ್ತೆ ಎತ್ತಲಿಲ್ಲ.

2022ರ ಸೆಪ್ಟೆಂಬರ್ 19ಕ್ಕೆ ನಾನು ಬೆಂಗಳೂರಿಗೆ ವಾಪಸ್ಸಾಗಿದ್ದೆ. ರಾತ್ರಿ ಮಲಗೋ ಹೊತ್ತಿಗೆ ಫೋನ್ ತುಂಬ ಸುದ್ದಿ: ಮೆಕ್ಸಿಕೊದಲ್ಲಿ ಮತ್ತೆ ಭೂಕಂಪ. ಮತ್ತೆ ಅದೇ ತಾರೀಖು, ಡ್ರಿಲ್ ಮುಗಿದು ಒಂದು ಗಂಟೆಯೊಳಗೆ. ಈ ಸಲ ಕೇಂದ್ರ ದೂರದ ಮಿಚೊಆಕಾನ್ ಕಡೆ ಇತ್ತು. ಸೆನ್ಯೋರಾಗೆ ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಿದೆ. ಹದಿನಾರು ಸಾವಿರ ಕಿಲೊಮೀಟರ್ ದೂರದಿಂದ "ಆಕಿ ಎಸ್ತೊಯ್", ಇಲ್ಲೇ ಇದ್ದೀನಿ, ಅನ್ನೋಕೆ ಸ್ವಲ್ಪ ಸಂಕೋಚವಾಯ್ತು. ಆದರೂ ಅಂದೆ. ಇಪ್ಪತ್ತು ನಿಮಿಷ ಉತ್ತರ ಇಲ್ಲ. ಆಮೇಲೆ ಬಂತು, ಹಿಂದೆ ಬೀದಿಯ ಗದ್ದಲ ಕೇಳಿಸ್ತಿತ್ತು: ಎಲ್ಲರೂ ಚೆನ್ನಾಗಿದ್ದೀವಿ, ಹೋವೆನ್, ಕೆಳಗೆ ನಿಂತಿದ್ದೀವಿ, ನಿನ್ನ ಮನೆಗೆ ಬಂದಿರೋ ಹೊಸ ಹುಡುಗ ಪಾಪ ತುಂಬಾ ಹೆದರಿದ್ದಾನೆ, ಅವನಿಗೆ ಬೊಲಿಯೊ ತರೋಕೆ ಹೋಗ್ತಿದ್ದೀನಿ.